ಗರಡಿ ಹುಡುಗರ ಬಿ.ಪಿ. ಚೀಟಿ: ಒಂದು ವಿಮರ್ಶೆ

ಕೊಪ್ಪಳ, ಗಂಗಾವತಿ, ಕುಷ್ಟಗಿ, ಯಲಬುರ್ಗಾ ಸೀಮೆಯಲ್ಲಿ ದೇಹಬಲಕ್ಕೆ ಹಿಂದಿನಿಂದಲೂ ಗೌರವವಿದೆ. ಆನೆಗೊಂದಿ ಬಳಿಯ ಅಂಜನಾದ್ರಿಯನ್ನು ಹನುಮಂತನ ಜನ್ಮಸ್ಥಳವೆಂದು ನಂಬುವ ಜನ ಇವರು. ಜಾತ್ರೆಗಳಲ್ಲಿ ಕುಸ್ತಿ, ಸಂಗ್ರಾಣಿ ಕಲ್ಲು ಎತ್ತುವ ಪಂದ್ಯ, ಗಂಗಾವತಿಯ ಅಕ್ಕಿ ಗಿರಣಿಗಳಲ್ಲಿ ಹಮಾಲರು ಹೊರುವ 75 ಕೆ.ಜಿ. ಭತ್ತದ ಚೀಲ, ಈಚೆಗೆ ತಾಲ್ಲೂಕು ಊರುಗಳಲ್ಲೂ ತೆರೆದಿರುವ ಜಿಮ್‌ಗಳು, ಪೊಲೀಸ್ ಹಾಗೂ ಸೈನ್ಯದ ಭರ್ತಿಗಾಗಿ ಮೈ ಬೆಳೆಸುವ ಕಾಲೇಜು ಹುಡುಗರು, ಇವೆಲ್ಲ ಇಲ್ಲಿ ನಿತ್ಯ ಕಾಣುವ ಸಂಗತಿಗಳು.

ಇಂಥ ಹುಡುಗನೊಬ್ಬ ಆರೋಗ್ಯ ಶಿಬಿರದಲ್ಲಿ ತೋಳು ಒಡ್ಡುತ್ತಾನೆ. ಅವನ ಚೀಟಿಯ ಮೇಲೆ 152/78 ಎಂದು ಬರೆದು ಕೈಗಿಡುತ್ತಾರೆ ಎಂದುಕೊಳ್ಳೋಣ. ಆಮೇಲೆ ಅವನು ಮೂರು ತೀರ್ಪುಗಳನ್ನು ಕೇಳಬೇಕಾಗುತ್ತದೆ. ಮನೆಯ ಹಿರಿಯರದು, "ಭಾರ ಎತ್ತಿದ್ದಕ್ಕs ಬಿ.ಪಿ. ಬಂತು, ಬಿಟ್ಟುಬಿಡು." ಗರಡಿಯ ಉಸ್ತಾದರದು, "ಕಸರತ್ತು ಮಾಡೋರಿಗೆ ಅಷ್ಟು ಇರೂದs, ಏನೂ ಆಗಂಗಿಲ್ಲ." ಮೂರನೆಯದು ಚೀಟಿಯದೇ ತೀರ್ಪು: ಯಂತ್ರ ತೋರಿಸಿದ್ದೇ ಸತ್ಯ. ಈ ಮೂರನ್ನೂ ವಿಜ್ಞಾನದ ಒರೆಗಲ್ಲಿಗೆ ಹಚ್ಚಿ ನೋಡುವುದು ಈ ಲೇಖನದ ಉದ್ದೇಶ. ತೀರ್ಪು ಎತ್ತ ತಪ್ಪಿದರೂ ನಷ್ಟ ಹುಡುಗನದೇ. ಇಲ್ಲದ ರೋಗಕ್ಕೆ ಹೆದರಿ ಅವನು ವ್ಯಾಯಾಮವನ್ನೂ ನೌಕರಿಯ ಆಸೆಯನ್ನೂ ಬಿಡಬಹುದು, ಅಥವಾ ಇರುವ ರೋಗವನ್ನು ಇಪ್ಪತ್ತು ವರ್ಷ ಅಲಕ್ಷಿಸಬಹುದು.

ಭಾರ ಎತ್ತಿದರೆ ಬಿ.ಪಿ. ಬರುತ್ತದೆಯೇ?

ಈ ಮಾತಿನಲ್ಲಿ ಅರ್ಧ ಸತ್ಯವಿದೆ. ಕೆನಡಾದ ಮೆಕ್‌ಮಾಸ್ಟರ್ ವಿಶ್ವವಿದ್ಯಾಲಯದ ಸಂಶೋಧಕರು 1985ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಐವರು ದೇಹದಾರ್ಢ್ಯ ಪಟುಗಳ ತೋಳಿನ ಅಪಧಮನಿಯೊಳಗೇ ಕೊಳವೆ ಇರಿಸಿ, ಅವರು ಭಾರ ಎತ್ತುತ್ತಿರುವಾಗ ಒತ್ತಡ ಅಳೆದರು. ಎರಡೂ ಕಾಲುಗಳಿಂದ ಭಾರ ತಳ್ಳುವಾಗ ಕಂಡ ಗರಿಷ್ಠ ಒತ್ತಡದ ಸರಾಸರಿ 320/250 ಮಿ.ಮೀ. ಪಾದರಸ. ಒಬ್ಬನಲ್ಲಂತೂ ಅದು 480/350ನ್ನು ಮೀರಿತು. ಬಿಗಿದ ಸ್ನಾಯುಗಳು ತಮ್ಮೊಳಗಿನ ರಕ್ತನಾಳಗಳನ್ನು ಹಿಂಡುತ್ತವೆ. ಉಸಿರು ಕಟ್ಟಿ ಮುಕ್ಕಿದಾಗ ಎದೆಗೂಡಿನ ಒತ್ತಡವೂ ರಕ್ತದ ಒತ್ತಡಕ್ಕೆ ಕೂಡಿಕೊಳ್ಳುತ್ತದೆ. ಏರಿಕೆಗೆ ಈ ಎರಡೂ ಕಾರಣ.

ಆದರೆ ಇದು ಕ್ಷಣಿಕ ಏರಿಕೆ. ಭಾರ ಇಳಿಸಿದೊಡನೆ ಒತ್ತಡವೂ ಬೇಗನೆ ಇಳಿಯುತ್ತದೆ. ರಕ್ತದ ಏರೊತ್ತಡ ಎಂಬ ರೋಗವೆಂದರೆ ವಿಶ್ರಾಂತಿಯಲ್ಲೂ ಒತ್ತಡ ಹೆಚ್ಚಾಗಿಯೇ ಉಳಿಯುವುದು. ಕ್ರಮಬದ್ಧ ಭಾರದ ವ್ಯಾಯಾಮ ವಿಶ್ರಾಂತಿಯ ಒತ್ತಡವನ್ನು ಏರಿಸುವುದಿಲ್ಲ, ತುಸು ಇಳಿಸುತ್ತದೆ. ಹಲವಾರು ಪ್ರಯೋಗಗಳನ್ನು ಒಟ್ಟುಗೂಡಿಸಿ 2023ರಲ್ಲಿ ಪ್ರಕಟವಾದ ವಿಶ್ಲೇಷಣೆಯೊಂದು ಈ ಇಳಿಕೆಯನ್ನು ಸರಾಸರಿ 4.5/3 ಮಿ.ಮೀ. ಎಂದು ಲೆಕ್ಕಹಾಕಿದೆ. ಆದ್ದರಿಂದ ಹಿರಿಯರ ತೀರ್ಪು ನಿಲ್ಲುವುದಿಲ್ಲ.

2021ರ ಅಕ್ಟೋಬರ್ 29ರಂದು ನಟ ಪುನೀತ್ ರಾಜ್‌ಕುಮಾರ್ 46ರ ವಯಸ್ಸಿನಲ್ಲಿ ಹೃದಯಾಘಾತದಿಂದ ತೀರಿಕೊಂಡಾಗ ನಾಡಿನಲ್ಲೆಲ್ಲ ವ್ಯಾಯಾಮದ ಬಗ್ಗೆಯೇ ಭಯ ಹರಡಿತು. ಹೃದಯ ತಪಾಸಣೆಗೆ ಜನ ಆಸ್ಪತ್ರೆಗಳಿಗೆ ಮುಗಿಬಿದ್ದರು. ಹೆದರಿಕೆಯ ಫಲವಾಗಿ ತಪಾಸಣೆ ಹೆಚ್ಚಿದ್ದು ಒಳ್ಳೆಯದೇ. ಆದರೆ ಒಂದು ಸಾವಿನಿಂದ ವ್ಯಾಯಾಮವೇ ಅಪಾಯವೆಂದು ತೀರ್ಮಾನಿಸುವುದು ತರ್ಕವಲ್ಲ.

ಯಂತ್ರ ತೋರಿಸಿದ್ದೇ ಸತ್ಯವೇ?

ಇಟಲಿಯ ರೀವಾ-ರೊಚಿ 1896ರಲ್ಲಿ ತೋಳುಪಟ್ಟಿಯ ರಕ್ತದೊತ್ತಡ ಮಾಪಕವನ್ನು ರೂಪಿಸಿದಾಗ ಅದರ ಪಟ್ಟಿ ಕೇವಲ 5 ಸೆಂ.ಮೀ. ಅಗಲವಿತ್ತು. ಕಿರಿದಾದ ಪಟ್ಟಿ ಒತ್ತಡವನ್ನು ಹೆಚ್ಚಾಗಿ ತೋರಿಸುತ್ತದೆಂದು ಜರ್ಮನಿಯ ಫಾನ್ ರೆಕ್ಲಿಂಗ್‌ಹೌಸನ್ 1901ರಲ್ಲೇ ಎಚ್ಚರಿಸಿ, ಅಗಲದ ಪಟ್ಟಿಯನ್ನು ಬಳಕೆಗೆ ತಂದರು. ಕಾರಣ ಸರಳ ಭೌತವಿಜ್ಞಾನ. ಪಟ್ಟಿಯೊಳಗಿನ ಗಾಳಿಯ ಒತ್ತಡ ಸ್ನಾಯುರಾಶಿಯನ್ನು ದಾಟಿ ಆಳದ ಅಪಧಮನಿಯನ್ನು ಮುಟ್ಟಬೇಕು. ದಪ್ಪ ತೋಳಿಗೆ ಸಣ್ಣ ಪಟ್ಟಿ ಕಟ್ಟಿದರೆ ಅಷ್ಟೂ ಒತ್ತಡ ಆಳಕ್ಕೆ ತಲುಪುವುದಿಲ್ಲ. ನಾಳವನ್ನು ಮುಚ್ಚಲು ಹೆಚ್ಚು ಗಾಳಿ ಬೇಕಾಗುತ್ತದೆ, ಯಂತ್ರ ಆ ಹೆಚ್ಚಿನ ಗಾಳಿಯನ್ನೇ ರಕ್ತದ ಒತ್ತಡವೆಂದು ಬರೆಯುತ್ತದೆ.

ಸಾಮಾನ್ಯ ಅಳತೆಯ ಪಟ್ಟಿ 27ರಿಂದ 34 ಸೆಂ.ಮೀ. ಸುತ್ತಳತೆಯ ತೋಳಿಗೆ, ದೊಡ್ಡ ಪಟ್ಟಿ 35ರಿಂದ 44 ಸೆಂ.ಮೀ. ತೋಳಿಗೆ ಸರಿ. ಕಲ್ಲು ಎತ್ತುವವನ ತೋಳು 38 ಸೆಂ.ಮೀ. ಇರುವುದು ಅಪರೂಪವೇನಲ್ಲ. 2023ರಲ್ಲಿ ಅಮೆರಿಕದಲ್ಲಿ ಪ್ರಕಟವಾದ ಒಂದು ಪ್ರಯೋಗದ ಪ್ರಕಾರ, ದೊಡ್ಡ ಪಟ್ಟಿ ಬೇಕಾದವರಿಗೆ ಸಾಮಾನ್ಯ ಪಟ್ಟಿ ಕಟ್ಟಿದಾಗ ಸಂಕೋಚನ ಒತ್ತಡ ಸರಾಸರಿ 4.8 ಮಿ.ಮೀ. ಹೆಚ್ಚಾಗಿ ಕಂಡಿತು. ಇನ್ನೂ ದೊಡ್ಡದು ಬೇಕಾದವರಲ್ಲಿ ಈ ತಪ್ಪು 19.5 ಮಿ.ಮೀ.!

ತೋಳಿನ ಸ್ಥಾನವೂ ಮುಖ್ಯ. ಪಾದರಸ ರಕ್ತಕ್ಕಿಂತ ಸುಮಾರು 12.8 ಪಟ್ಟು ಸಾಂದ್ರವಾದುದರಿಂದ, ತೋಳು ಹೃದಯದ ಮಟ್ಟಕ್ಕಿಂತ 13 ಸೆಂ.ಮೀ. ಕೆಳಗಿದ್ದರೆ ಮಾಪಕ ಸುಮಾರು 10 ಮಿ.ಮೀ. ಹೆಚ್ಚು ತೋರಿಸಬೇಕೆಂದು ವಿದ್ಯಾರ್ಥಿಗಳೇ ಲೆಕ್ಕ ಹಾಕಬಲ್ಲರು. 2024ರಲ್ಲಿ ಪ್ರಕಟವಾದ ಇನ್ನೊಂದು ಪ್ರಯೋಗದಲ್ಲಿ ತೋಳನ್ನು ಪಕ್ಕಕ್ಕೆ ಇಳಿಬಿಟ್ಟಾಗ ಸಂಕೋಚನ ಒತ್ತಡ ಸರಾಸರಿ 6.5 ಮಿ.ಮೀ. ಹೆಚ್ಚಾಗಿ ಕಂಡಿತು. ಇವುಗಳ ಜೊತೆಗೆ ಆಗ ತಾನೇ ಮುಗಿಸಿದ ಕಸರತ್ತು, ಕುಡಿದ ಚಹಾ, ಸರತಿಯಲ್ಲಿ ನಿಂತ ಆಯಾಸ, ಫಲಿತಾಂಶದ ಆತಂಕ ಎಲ್ಲವೂ ಸೇರುತ್ತವೆ.

ಹಾಗಾದರೆ 152ರಲ್ಲಿ 4.8, 6.5 ಕಳೆದು "ನಿಜವಾದ ಒತ್ತಡ 141" ಎನ್ನಬಹುದೇ? ಕೂಡದು. ಅವು ಗುಂಪಿನ ಸರಾಸರಿಗಳು. ಈ ಹುಡುಗನ ತೋಳಿನ ತಪ್ಪು 2 ಇರಬಹುದು, 15 ಇರಬಹುದು. ಕೆಟ್ಟ ಅಳತೆಯನ್ನು ಲೆಕ್ಕದಿಂದ ತಿದ್ದಲಾಗದು, ಸರಿಯಾಗಿ ಮತ್ತೆ ಅಳೆಯಬೇಕು. ಶಿಬಿರದ ಚೀಟಿಯ ದೊಡ್ಡ ದೋಷವೆಂದರೆ ಯಾವ ಪಟ್ಟಿ, ಯಾವ ಸ್ಥಿತಿ, ಎಷ್ಟನೆಯ ಅಳತೆ ಎಂಬ ವಿವರವೇ ಅದರಲ್ಲಿಲ್ಲ. ಪ್ರಯೋಗಶಾಲೆಯ ದಾಖಲೆ ಪುಸ್ತಕದಲ್ಲಿ ಇಷ್ಟು ಅರೆಕೊರೆಯಾಗಿ ಬರೆದರೆ ನಾವು ಅಂಕ ಕೊಡುತ್ತೇವೆಯೇ?

"ಅಷ್ಟು ಇರೂದs" ಎನ್ನಬಹುದೇ?

ಉಸ್ತಾದರ ಮಾತಿಗೂ ಒಂದು ವೈಜ್ಞಾನಿಕ ಆಸರೆ ಇದೆ. ಎಳೆಯರ ರಕ್ತನಾಳಗಳು ತುಂಬ ಸ್ಥಿತಿಸ್ಥಾಪಕ. ಹೃದಯದಿಂದ ಹೊರಟ ಒತ್ತಡದ ಅಲೆ ತೋಳಿಗೆ ಬರುವಷ್ಟರಲ್ಲಿ ಎತ್ತರವಾಗುತ್ತದೆ. ಹೀಗಾಗಿ ಮಹಾಪಧಮನಿಯಲ್ಲಿ ಕಡಿಮೆ ಇರುವ ಸಂಕೋಚನ ಒತ್ತಡ ತೋಳಿನಲ್ಲಿ ಹೆಚ್ಚಾಗಿ ಕಾಣಬಹುದು. ಮೇಲಿನ ಅಂಕಿ ಮಾತ್ರ ಹೆಚ್ಚಿ ಕೆಳಗಿನದು ಸರಿಯಿರುವ ಯುವಕರಲ್ಲಿ ಇದು "ಹುಸಿ ಏರೊತ್ತಡ" ಎಂದು ಆಸ್ಟ್ರೇಲಿಯದ ಓರೂರ್ಕ್ ಮತ್ತು ಸಂಗಡಿಗರು 2000ದಲ್ಲಿ ವಾದಿಸಿದರು.

ಆದರೆ ಈ ವಾದಕ್ಕೆ ಪ್ರತಿವಾದಗಳು ಬಂದಿವೆ. 2005ರಲ್ಲಿ ಪ್ರಕಟವಾದ ಬ್ರಿಟನ್ನಿನ ಅಧ್ಯಯನದಲ್ಲಿ ಇಂಥ ಯುವಕರ ಪೈಕಿ ಹಲವರಲ್ಲಿ ಮಹಾಪಧಮನಿಯ ಬಿರುಸುತನವೋ ಹೃದಯ ಪ್ರತಿ ಬಡಿತಕ್ಕೆ ದೂಡುವ ರಕ್ತದ ಹೆಚ್ಚಳವೋ ಕಂಡುಬಂದಿತು. ಅಮೆರಿಕದ ಶಿಕಾಗೊದಲ್ಲಿ 18ರಿಂದ 49 ವಯಸ್ಸಿನ 27,081 ಜನರನ್ನು ಸರಾಸರಿ 31 ವರ್ಷ ಅನುಸರಿಸಿದ ಅಧ್ಯಯನ 2015ರಲ್ಲಿ ಪ್ರಕಟವಾಯಿತು. ಸಂಕೋಚನ ಒತ್ತಡ ಮಾತ್ರ ಹೆಚ್ಚಿದ್ದವರಲ್ಲೂ ಹೃದಯ ಮತ್ತು ರಕ್ತನಾಳಗಳ ರೋಗದಿಂದ ಸಾವು ಹೆಚ್ಚಿತ್ತು. ಅಂದರೆ ಕೆಲವರ ಏರೊತ್ತಡ ಹುಸಿ ಇರಬಹುದು, ಎಲ್ಲರದೂ ಅಲ್ಲ. ಮೈಕಟ್ಟು ನೋಡಿ ಯಾರದು ಹುಸಿ ಎಂದು ಹೇಳಲು ಸಾಧ್ಯವಿಲ್ಲ.

"ಏನೂ ಆಗಂಗಿಲ್ಲ" ಎಂಬ ಸಮಾಧಾನ ನಿಜವಾದ ಕಾರಣಗಳನ್ನೂ ಮುಚ್ಚಿಡುತ್ತದೆ. ಸ್ನಾಯು ಬೆಳೆಸಲು ಗುಟ್ಟಾಗಿ ಚುಚ್ಚಿಕೊಳ್ಳುವ ಅನಬಾಲಿಕ್ ಸ್ಟೀರಾಯ್ಡ್, ಕೆಫೀನ್ ತುಂಬಿದ ಉತ್ತೇಜಕ ಪುಡಿಗಳು, ಮೈನೋವಿಗೆ ದಿನವೂ ನುಂಗುವ ಡೈಕ್ಲೊಫೆನಾಕ್‌ನಂಥ ಮಾತ್ರೆ, ಗೊರಕೆಯೊಂದಿಗೆ ನಿದ್ರೆಯಲ್ಲಿ ಉಸಿರು ಕಟ್ಟುವಿಕೆ, ಅತಿಯಾದ ಉಪ್ಪು, ಇವೆಲ್ಲ ಒತ್ತಡ ಏರಿಸುತ್ತವೆ. ಎಳೆವಯಸ್ಸಿನ ಏರೊತ್ತಡದ ಹಿಂದೆ ಮೂತ್ರಪಿಂಡದ ರೋಗವೋ ಹುಟ್ಟಿನಿಂದ ಬಂದ ಮಹಾಪಧಮನಿಯ ಇಕ್ಕಟ್ಟೋ ಇರುವ ಸಾಧ್ಯತೆಯೂ ಉಂಟು.

ಮಾಡಬೇಕಾದುದೇನು?

ಕಸರತ್ತು, ಚಹಾ, ತಂಬಾಕು ಬಿಟ್ಟು ಕನಿಷ್ಠ ಅರ್ಧ ಗಂಟೆಯಾಗಿರಬೇಕು. ಮೂತ್ರ ವಿಸರ್ಜಿಸಿ, ಬೆನ್ನಿಗೆ ಆಸರೆ ಇಟ್ಟು, ಪಾದ ನೆಲಕ್ಕೂರಿ, ಮಾತಾಡದೆ 5 ನಿಮಿಷ ಕೂರಬೇಕು. ತೋಳಿನ ಸುತ್ತಳತೆಗೆ ತಕ್ಕ ಪಟ್ಟಿಯನ್ನು ಬರಿತೋಳಿಗೆ ಕಟ್ಟಿ, ತೋಳನ್ನು ಹೃದಯದ ಮಟ್ಟದಲ್ಲಿ ಮೇಜಿನ ಮೇಲಿಡಬೇಕು. ಒಂದೊಂದು ನಿಮಿಷ ಬಿಟ್ಟು ಎರಡು ಮೂರು ಸಲ ಅಳೆಯಬೇಕು; ಬೇರೆ ದಿನಗಳಲ್ಲೂ ಅಳೆಯಬೇಕು. ನಮ್ಮ ದೇಶದಲ್ಲಿ ಆಸ್ಪತ್ರೆಯ ಅಳತೆಗೆ 140/90 ಗಡಿ. ಅಮೆರಿಕದವರು 2017ರಲ್ಲಿ ಅದನ್ನು 130/80ಕ್ಕೆ ಇಳಿಸಿದರು. ಗಡಿ ಎಲ್ಲೇ ಇರಲಿ, ಅಳತೆ ಶುದ್ಧವಿರಬೇಕು.

ಹೀಗೆ ಅಳೆದರೂ ಒತ್ತಡ ಹೆಚ್ಚೇ ಇದ್ದರೆ ತಾಲ್ಲೂಕು ಆಸ್ಪತ್ರೆಯ ವೈದ್ಯರಲ್ಲಿಗೆ ಹೋಗಬೇಕು. 160/100 ಮೀರಿದರೆ ಅದು ಹತೋಟಿಗೆ ಬರುವವರೆಗೆ ಭಾರಿ ಭಾರ ಎತ್ತುವುದನ್ನು ನಿಲ್ಲಿಸುವುದು ಒಳಿತು. 180/110 ಮುಟ್ಟಿದರೆ, ಅದರಲ್ಲೂ ಎದೆನೋವು, ತೀವ್ರ ತಲೆನೋವು, ಮಂಜುಗಣ್ಣು ಇದ್ದರೆ ಅಂದೇ ಆಸ್ಪತ್ರೆ ಸೇರಬೇಕು. ಸ್ಪರ್ಧೆಗೆ ಇಳಿಯುವವರು ಆ ವಿಷಯವನ್ನು ವೈದ್ಯರಿಗೆ ತಿಳಿಸಬೇಕು. ಏರೊತ್ತಡಕ್ಕೆ ಕೊಡುವ ಮೂತ್ರವರ್ಧಕ ಮಾತ್ರೆಗಳು ಕ್ರೀಡೆಯ ನಿಷೇಧಿತ ಮದ್ದುಗಳ ಪಟ್ಟಿಯಲ್ಲಿವೆ.

ಶಿಕ್ಷಕರು ಇಲ್ಲಿ ಬಹಳ ಮಾಡಬಲ್ಲರು. "ಸಾಮಾನ್ಯ ರಕ್ತದೊತ್ತಡ 120/80" ಎಂದು ಬಾಯಿಪಾಠ ಮಾಡಿಸುವುದರ ಬದಲು ದರ್ಜಿಯ ಟೇಪು ತಂದು ಭುಜ ಮತ್ತು ಮೊಣಕೈಗಳ ನಡುಮಧ್ಯದಲ್ಲಿ ತರಗತಿಯ ತೋಳುಗಳನ್ನು ಅಳೆಯಿಸಲಿ. ಎಷ್ಟು ತೋಳುಗಳು 34 ಸೆಂ.ಮೀ. ಮೀರಿದವೆಂದು ಎಣಿಸಲಿ. ಶಾಲೆಯಲ್ಲಿ ಆರೋಗ್ಯ ಶಿಬಿರ ನಡೆದಾಗ ದೊಡ್ಡ ಪಟ್ಟಿ ತಂದಿದ್ದಾರೆಯೇ ಎಂದು ವಿನಯದಿಂದ ವಿಚಾರಿಸಲಿ. ಚೀಟಿಯಲ್ಲಿ ಎರಡನೆಯ ಅಳತೆಗೂ ತೋಳಿನ ಸುತ್ತಳತೆಗೂ ಒಂದೊಂದು ಸಾಲು ಸೇರಿಸಲು ಹೆಚ್ಚು ಖರ್ಚಿಲ್ಲ. ಆ ಎರಡು ಸಾಲು ಬರೆದ ಮೇಲೆ 152/78 ಎಂಬ ಅಂಕಿಯ ಬಗ್ಗೆ ಹಿರಿಯರೂ ಉಸ್ತಾದರೂ ವೈದ್ಯರೂ ಒಂದೇ ಕಡೆ ಕೂತು ಮಾತಾಡಬಹುದು.