ಕ್ಲೆಮೆಂಟ್ ಗ್ರೀನ್‌ಬರ್ಗ್: ವಿಮರ್ಶಕನ ಅಧಿಕಾರದ ಎಲ್ಲೆ

ಅಮೆರಿಕದ ಕಲಾವಿಮರ್ಶಕರಲ್ಲಿ ಕ್ಲೆಮೆಂಟ್ ಗ್ರೀನ್‌ಬರ್ಗನಷ್ಟು (1909–1994) ಪ್ರಭಾವ ಬೀರಿದವರು ವಿರಳ. ಆತನು ಕಲಾಶಾಲೆಯ ಪಂಡಿತನಾಗಿ ಈ ಕ್ಷೇತ್ರಕ್ಕೆ ಬಂದವನಲ್ಲ. ನ್ಯೂಯಾರ್ಕಿನ ಬಂದರಿನಲ್ಲಿ ಸುಂಕದ ಇಲಾಖೆಯ ಗುಮಾಸ್ತೆಯಾಗಿದ್ದಾಗಲೇ, 1939ರಲ್ಲಿ, ‘ಪಾರ್ಟಿಸನ್ ರಿವ್ಯೂ’ ಪತ್ರಿಕೆಯಲ್ಲಿ ‘ಅವಾಂಗಾರ್ಡ್ ಅಂಡ್ ಕಿಚ್’ ಎಂಬ ಪ್ರಬಂಧವನ್ನು ಬರೆದು ಹೆಸರಾದನು. 1942ರಿಂದ 1949ರವರೆಗೆ ‘ದಿ ನೇಷನ್’ ಪತ್ರಿಕೆಯ ಕಲಾವಿಮರ್ಶಕನಾಗಿದ್ದನು. ಜಾಕ್ಸನ್ ಪೊಲಾಕನ ಚಿತ್ರಗಳನ್ನು ಅನೇಕರು ಪರಿಹಾಸ ಮಾಡುತ್ತಿದ್ದ ಕಾಲದಲ್ಲಿ ಅವುಗಳ ಸತ್ತ್ವವನ್ನು ಗುರುತಿಸಿ ಹೇಳಿದ ಧೈರ್ಯ ಆತನದು. ಈ ಋಣವನ್ನು ಆತನ ವಿರೋಧಿಗಳೂ ಅಲ್ಲಗಳೆಯಲಾರರು.

ಆತನ ಸಿದ್ಧಾಂತವು 1960ರ ‘ಮಾಡರ್ನಿಸ್ಟ್ ಪೇಂಟಿಂಗ್’ ಎಂಬ ಉಪನ್ಯಾಸದಲ್ಲಿ ಪೂರ್ಣರೂಪ ತಳೆಯಿತು. ಪ್ರತಿಯೊಂದು ಕಲೆಯೂ ಅನ್ಯಕಲೆಗಳಿಂದ ಎರವಲು ತಂದುದನ್ನು ತ್ಯಜಿಸಿ ತನ್ನ ಸ್ವಧರ್ಮವನ್ನು ಕಂಡುಕೊಳ್ಳುತ್ತದೆ. ಚಿತ್ರಕಲೆಗೆ ಅಂತಹ ಸ್ವಧರ್ಮವೆಂದರೆ ಪಟದ ಸಮತಲತ್ವ. ಮಾನೆಯಿಂದ ಮೊದಲುಗೊಂಡು ಚಿತ್ರಕಾರರೆಲ್ಲರೂ ಈ ಗುರಿಯತ್ತಲೇ ನಡೆದರೆಂಬುದು ಇದರ ಇಂಗಿತ. ಇತಿಹಾಸದ ವಿದ್ಯಾರ್ಥಿಗೆ ಇಲ್ಲಿ ಶಂಕೆ ಮೂಡುವುದು ಸಹಜ. ಗಮ್ಯವನ್ನು ಮೊದಲೇ ನಿಶ್ಚಯಿಸಿಕೊಂಡು ದಾರಿಯನ್ನು ಹಿಂದುಮುಂದಾಗಿ ಬರೆದರೆ, ಆ ದಾರಿಯಲ್ಲಿ ಬಾರದ ಡ್ಯೂಶಾಂಪನಂತಹವರು ಅಲಕ್ಷ್ಯಕ್ಕೆ ಗುರಿಯಾಗುತ್ತಾರೆ. ಹಾಗೆಯೇ ಆಯಿತು.

ಆದರೂ ಸಿದ್ಧಾಂತದ ದೋಷವನ್ನು ಇನ್ನೊಂದು ಸಿದ್ಧಾಂತವು ತಿದ್ದಬಲ್ಲದು. ಡೇವಿಡ್ ಸ್ಮಿತ್‌ನ ಪ್ರಕರಣ ಬೇರೆಯೇ ಬಗೆಯದು. ಈ ಶ್ರೇಷ್ಠ ಲೋಹಶಿಲ್ಪಿಯು 1965ರಲ್ಲಿ ವಾಹನಾಪಘಾತದಲ್ಲಿ ಮಡಿದಾಗ, ಆತನ ಕೃತಿಗಳ ಮೇಲ್ವಿಚಾರಣೆ ವಹಿಸಿದವರಲ್ಲಿ ಗ್ರೀನ್‌ಬರ್ಗನೂ ಒಬ್ಬನು. ಸ್ಮಿತ್ ಬಣ್ಣ ಹಚ್ಚಿದ ಶಿಲ್ಪಗಳು ಗ್ರೀನ್‌ಬರ್ಗನ ಅಭಿರುಚಿಗೆ ಒಗ್ಗಿರಲಿಲ್ಲ. ಕೆಲವು ಶಿಲ್ಪಗಳ ಬಿಳಿಯ ಬಣ್ಣವನ್ನು ತೆಗೆಸಲಾಯಿತು. ಕೆಲವು ಬಿಸಿಲು ಮಳೆಗಳಲ್ಲಿ ಮಾಸಿದವು. ಒಂದೊಮ್ಮೆ ಆತನ ಅನುಯಾಯಿಯಾಗಿದ್ದ ರೊಸಲಿಂಡ್ ಕ್ರೌಸ್ ಎಂಬ ವಿದುಷಿಯೇ 1974ರಲ್ಲಿ ಇದನ್ನು ಬಯಲಿಗೆಳೆದರು. ಆ ಬಿಳಿಯು ಕೇವಲ ಮೊದಲ ಲೇಪ, ಕೃತಿಗಳು ಅಪೂರ್ಣವಾಗಿದ್ದವು, ಎಂಬ ಸಮಾಧಾನವುಂಟು. ಅದನ್ನು ಒಪ್ಪಿದರೂ, ಅಪೂರ್ಣವಾದುದನ್ನು ಅಪೂರ್ಣವಾಗಿಯೇ ಉಳಿಸಬೇಕಾಗಿತ್ತಲ್ಲವೆ? ಶಾಸನದ ಒಂದು ಸಾಲು ತನಗೆ ರುಚಿಸದೆಂದು ಅದನ್ನು ಕೆತ್ತಿ ಅಳಿಸುವ ಸಂಶೋಧಕನನ್ನು ನಾವು ಕ್ಷಮಿಸುವುದಿಲ್ಲ. ಮೇಲಾಗಿ, ಗ್ರಾಹಕನೊಬ್ಬನು ತನ್ನ ಶಿಲ್ಪದ ಬಣ್ಣವನ್ನು ಕಿತ್ತುಹಾಕಿದಾಗ ಸ್ಮಿತ್ ಬಹಿರಂಗವಾಗಿ ಪ್ರತಿಭಟಿಸಿ, ಆ ಕೃತಿ ಇನ್ನು ತನ್ನದಲ್ಲವೆಂದು ಸಾರಿದ್ದನು. ಆತನ ಇಚ್ಛೆ ಏನೆಂಬುದು ಗ್ರೀನ್‌ಬರ್ಗನಂತಹ ಆಪ್ತನಿಗೆ ತಿಳಿಯದ ವಿಷಯವಾಗಿರಲಾರದು.