ತವರದ ದಂಡೆಯ ಕಾಲುದಾರಿ

ಇಂಗ್ಲೆಂಡಿನ ನೈಋತ್ಯ ಮೂಲೆಯಲ್ಲಿ ಕಡಲಿಗೆ ಅಂಟಿಕೊಂಡೇ ಸಾಗುವ ಕಾಲುದಾರಿಯೊಂದಿದೆ. ಸಾಮರ್ಸೆಟ್‌ನ ಮೈನ್‌ಹೆಡ್‌ನಲ್ಲಿ ಹೊರಟು, ಡೆವನ್, ಕಾರ್ನ್‌ವಾಲ್‌ಗಳನ್ನು ಬಳಸಿ, ಡಾರ್ಸೆಟ್‌ನ ಪೂಲ್ ಬಂದರಿನ ಬಾಯಿಗೆ ಮುಟ್ಟುವಷ್ಟರಲ್ಲಿ 1,014 ಕಿ.ಮೀ. ಆಗುತ್ತದೆ. ಸೌತ್ ವೆಸ್ಟ್ ಕೋಸ್ಟ್ ಪಾತ್ ಎಂದು ಹೆಸರು. ಕಳ್ಳಸಾಗಣೆದಾರರನ್ನು ಹಿಡಿಯಲು ಗಸ್ತು ತಿರುಗುತ್ತಿದ್ದ ಕರಾವಳಿ ಕಾವಲಿನವರ ಕಾಲು ಸವೆಸಿದ ದಾರಿ ಇದು. ಒಂದೊಂದು ಕೊಲ್ಲಿಯೊಳಗೂ ಇಣುಕಿ ನೋಡಲೇಬೇಕಿತ್ತು ಅವರಿಗೆ. ಅದಕ್ಕೇ ದಾರಿ ಒಳಹಾದಿ ಹಿಡಿಯುವುದು ಅಪರೂಪ. ಕಣಿವೆ ಸಿಕ್ಕಲ್ಲೆಲ್ಲ ಇಳಿಯುತ್ತದೆ, ಮತ್ತೆ ಬಂಡೆಯ ನೆತ್ತಿಗೇರುತ್ತದೆ. ಪೂರ್ತಿ ನಡೆದವರು ಹತ್ತಿದ ಏರುಗಳನ್ನೆಲ್ಲ ಕೂಡಿಸಿದರೆ ಎವರೆಸ್ಟಿನ ನಾಲ್ಕು ಪಟ್ಟು ಎತ್ತರವಾಗುತ್ತದಂತೆ.

ಪೂರ್ತಿ ದಾರಿಗೆ ಏಳೆಂಟು ವಾರ ಬೇಕು. ಮೂರೇ ದಿನ ಕೈಯಲ್ಲಿದ್ದರೆ? ಕಾರ್ನ್‌ವಾಲ್‌ನ ಸೇಂಟ್ ಐವ್ಸ್‌ನಿಂದ ಪೋರ್ತ್‌ಕರ್ನೊವರೆಗಿನ ಸುಮಾರು 47 ಕಿ.ಮೀ. ಸಾಕು. ಕನ್ನಡಿಗರಿಗಂತೂ ಇದೇ ತುಣುಕು ಆಗಬೇಕು; ಕಾರಣ ದಾರಿಯಲ್ಲೇ ಸಿಗುತ್ತದೆ.

ಮೊದಲ ದಿನದ ನಡಿಗೆ ಕಷ್ಟದ್ದು. ಸೇಂಟ್ ಐವ್ಸ್‌ನ ಚಿತ್ರಶಾಲೆಗಳ ಬೀದಿ ಬಿಟ್ಟ ಕೂಡಲೇ ಕಲ್ಲು, ಕೊಚ್ಚೆ, ಏರಿಳಿತ. ಮೊಣಕಾಲು ದೂರು ಹೇಳುವ ಹೊತ್ತಿಗೆ ಝೆನರ್ ಎಂಬ ಪುಟ್ಟ ಹಳ್ಳಿ ಬರುತ್ತದೆ. ಅಲ್ಲಿನ ಇಗರ್ಜಿಯ ಬೆಂಚಿನ ಬದಿಯಲ್ಲಿ ಮತ್ಸ್ಯಕನ್ಯೆಯ ಹಳೆಯ ಮರದ ಕೆತ್ತನೆಯೊಂದಿದೆ. ಇಗರ್ಜಿಯಲ್ಲಿ ಹಾಡುತ್ತಿದ್ದ ಹುಡುಗನ ದನಿಗೆ ಮರುಳಾಗಿ ಬಂದ ಅವಳು ಅವನನ್ನು ಕಡಲಿಗೇ ಕರೆದೊಯ್ದಳು ಎಂಬುದು ಊರ ಕಥೆ. ಬಂಡೆಗಳ ಮೇಲೆ ಬಿಸಿಲು ಕಾಯುವ ಸೀಲ್‌ಗಳನ್ನು ನೋಡಿದವರಿಗೆ ಆ ಕಥೆ ಹುಟ್ಟಿದ ಬಗೆ ಹೊಳೆಯದೇ ಇರದು.

ಎರಡನೆಯ ದಿನ ನಿಧಾನವಾಗಿ ನಡೆಯಬೇಕು. ಪೆಂಡೀನ್ ದಾಟಿದರೆ ತವರದ ಸೀಮೆ ಶುರು. ಬೊಟಾಲಕ್‌ನಲ್ಲಿ ಕಲ್ಲಿನ ಎರಡು ಇಂಜಿನ್ ಮನೆಗಳು, ಅಲೆ ಬಡಿಯುವ ಬಂಡೆಯ ಅಂಚಿಗೆ ಕಚ್ಚಿಕೊಂಡು ನಿಂತಿವೆ. ಅವುಗಳ ಕೆಳಗಿನ ಸುರಂಗಗಳು ಕಡಲ ತಳದಡಿ ಸುಮಾರು ಅರ್ಧ ಕಿ.ಮೀ. ಹೋಗುತ್ತಿದ್ದವು. ಬಿರುಗಾಳಿಯ ದಿನ ತಲೆಯ ಮೇಲೆ ಸಮುದ್ರ ಬಂಡೆಗಳನ್ನು ಉರುಳಿಸುವ ಸದ್ದು ಕೆಳಗೆ ಕೆಲಸ ಮಾಡುವವರಿಗೆ ಕೇಳುತ್ತಿತ್ತು. ಪಕ್ಕದ ಲೆವಂಟ್ ಗಣಿಯಲ್ಲಿ 1919ರ ಅಕ್ಟೋಬರ್ 20ರಂದು, ಕಾರ್ಮಿಕರನ್ನು ಮೇಲೆತ್ತುವ ಯಂತ್ರ ಮುರಿದು 31 ಮಂದಿ ಸತ್ತರು. ಅಲ್ಲೇ ಇರುವ ಗೀವರ್ ಗಣಿ 1990ರಲ್ಲಿ ಮುಚ್ಚಿತು. ಈಗ ಅದು ಸಂಗ್ರಹಾಲಯ. ಹೆಲ್ಮೆಟ್ ಹಾಕಿಕೊಂಡು, ಬೆನ್ನು ಬಗ್ಗಿಸಿ ಹಳೆಯ ಸುರಂಗದೊಳಗೆ ನಡೆಯಬಹುದು. ಇದನ್ನು ತಪ್ಪಿಸಿಕೊಂಡು ಮುಂದೆ ಹೋದವರು ಅರ್ಧ ದಾರಿಯನ್ನೇ ಬಿಟ್ಟಂತೆ.

ತವರದ ಬೆಲೆ ಕುಸಿದಾಗ ಇಲ್ಲಿಯ ಗಣಿಗಾರರು ಜಗತ್ತಿನ ಮೂಲೆಮೂಲೆಗೂ ಚದುರಿದರು. 1880ರ ದಶಕದಲ್ಲಿ ಜಾನ್ ಟೇಲರ್ ಅಂಡ್ ಸನ್ಸ್ ಕಂಪನಿ ಕೋಲಾರದ ಚಿನ್ನಕ್ಕೆ ಕೈ ಹಾಕಿದಾಗ, ಮೇಲ್ವಿಚಾರಣೆಗೆ ಕರೆಸಿದ್ದು ಇದೇ ಕಾರ್ನ್‌ವಾಲ್‌ನವರನ್ನು. ಅವರ ಕೈಕೆಳಗೆ ಬಂಡೆ ಒಡೆದವರು ಬಹುಪಾಲು ತಮಿಳು, ತೆಲುಗು ಸೀಮೆಗಳ ಬಡವರು. ಕೋಲಾರದ ಆ ಚಿನ್ನದ ಗಣಿ, ಕೆಜಿಎಫ್, 2001ರಲ್ಲಿ ಮುಚ್ಚಿತು. ಕಾರ್ನ್‌ವಾಲ್‌ನ ಗಣಿ ಪ್ರದೇಶಕ್ಕೆ 2006ರಲ್ಲಿ ವಿಶ್ವ ಪರಂಪರೆಯ ಮನ್ನಣೆ ಸಿಕ್ಕಿತು. ಕೋಲಾರದಲ್ಲೋ, ಗಣಿತ್ಯಾಜ್ಯದ ಸೈನೈಡ್ ದಿಬ್ಬಗಳ ದೂಳು ಇನ್ನೂ ಜನರ ಮನೆಯೊಳಗೆ ಬೀಳುತ್ತದೆ. ಬೊಟಾಲಕ್‌ನ ಚಿಮಣಿ ಕಂಡಾಗ ಈ ನೋವು ನೆನಪಾಗಬೇಕು.

ಮುಂದೆ ಕೇಪ್ ಕಾರ್ನ್‌ವಾಲ್. ಭೂಶಿರದ ತುದಿಯಲ್ಲಿ ಗಣಿಯ ಒಂಟಿ ಚಿಮಣಿ, ಸುತ್ತ ಅಟ್ಲಾಂಟಿಕ್. ಬುತ್ತಿ ಬಿಚ್ಚಲು ಇದಕ್ಕಿಂತ ಒಳ್ಳೆಯ ಜಾಗವಿಲ್ಲ. ಬುತ್ತಿಯೆಂದರೆ ಪೇಸ್ಟಿ: ದನದ ಮಾಂಸ, ಆಲೂಗಡ್ಡೆ, ಈರುಳ್ಳಿ ತುಂಬಿ ಅಂಚು ಮಡಚಿ ಬೇಯಿಸಿದ, ನಮ್ಮ ಕಡುಬಿನ ಆಕಾರದ ಗಣಿಗಾರರ ಊಟ. ತರಕಾರಿಯದೂ ಸಿಗುತ್ತದೆ. ಹೆಸರುವಾಸಿ ಲ್ಯಾಂಡ್ಸ್ ಎಂಡ್‌ನಲ್ಲಿ ಅಂಗಡಿಗಳ ಗದ್ದಲವೇ ಹೆಚ್ಚು, ಬೇಗ ದಾಟಬಹುದು.

ಮೂರನೆಯ ದಿನ ಪೋರ್ತ್‌ಕರ್ನೊದ ಮರಳಿಗೆ ಇಳಿದಾಗ ಭಾರತ ಮತ್ತೆ ಎದುರಾಗುತ್ತದೆ. 1870ರ ಜೂನ್‌ನಲ್ಲಿ ಮುಂಬಯಿಯನ್ನು ಲಂಡನ್ನಿಗೆ ಜೋಡಿಸಿದ ಟೆಲಿಗ್ರಾಫ್ ತಂತಿ ಕಡಲಿನಿಂದ ಮೇಲೆದ್ದದ್ದು ಈ ಪುಟ್ಟ ಕೊಲ್ಲಿಯಲ್ಲಿ. ಹಡಗಿನಲ್ಲಿ ವಾರಗಟ್ಟಲೆ ಹಿಡಿಯುತ್ತಿದ್ದ ಸುದ್ದಿ ನಿಮಿಷಗಳಿಗೆ ಇಳಿಯಿತು. ಎರಡನೆಯ ಮಹಾಯುದ್ಧದಲ್ಲಿ ತಂತಿಕೇಂದ್ರವನ್ನು ಬಾಂಬಿನಿಂದ ಕಾಪಾಡಲು ಬೆಟ್ಟದೊಳಗೆ ಸುರಂಗ ಕೊರೆದವರೂ ತವರದ ಗಣಿಗಾರರೇ. ಆ ಸುರಂಗಗಳೇ ಈಗ ಸಂಗ್ರಹಾಲಯದ ಭಾಗ.

ಕೊಲ್ಲಿಯ ಮೇಲಿನ ಬಂಡೆಯಲ್ಲಿ ಮಿನಾಕ್ ರಂಗಮಂದಿರವಿದೆ. ರೊವೀನಾ ಕೇಡ್ ಎಂಬಾಕೆ ತನ್ನ ತೋಟದ ಮಾಲಿಯೊಂದಿಗೆ ಸೇರಿ, ಸಮುದ್ರದಂಡೆಯ ಮರಳನ್ನು ಬೆನ್ನ ಮೇಲೆ ಹೊತ್ತು ತಂದು ಕಟ್ಟಿದ್ದು. 1932ರಲ್ಲಿ ಷೇಕ್ಸ್‌ಪಿಯರನ ‘ದಿ ಟೆಂಪೆಸ್ಟ್’ ನಾಟಕದಿಂದ ಶುರುವಾಯಿತು. ಬೆಳಕಿಗೆ ಕಾರಿನ ಹೆಡ್‌ಲೈಟುಗಳೂ ನೆರವಾದವು. ಮೂರನೆಯ ದಿನದ ಸಂಜೆಗೆ ಇಲ್ಲಿಯ ಟಿಕೆಟನ್ನು ಮುಂಚೆಯೇ ತೆಗೆದಿಡುವುದು ಒಳ್ಳೆಯದು. ಕೂರಲು ದಿಂಬು, ಹೊದೆಯಲು ಕಂಬಳಿ, ಮಳೆಯಂಗಿ ಜೊತೆಗಿರಲಿ. ಹನಿ ಬಿದ್ದರೂ ನಾಟಕ ಸಾಮಾನ್ಯವಾಗಿ ನಿಲ್ಲುವುದಿಲ್ಲ.