ನಿರುದ್ಯೋಗಾವಧಿಯ ಗಣನೆ: ವಲಸೆಯ ಕೆಲಸಗಾರರೂ ಸ್ಥಳೀಯರೂ

ಕೆಲಸವಿಲ್ಲದವರು ಎಷ್ಟು ಮಂದಿ ಎಂಬುದು ಒಂದು ಪ್ರಶ್ನೆ. ಕೆಲಸವಿಲ್ಲದೆ ಅವರು ಕಳೆಯುವ ಕಾಲವೆಷ್ಟು ಎಂಬುದು ಇನ್ನೊಂದು. ನೂರು ಮಂದಿ ತಲಾ ಒಂದು ವಾರ ಕೆಲಸವಿಲ್ಲದಿರುವ ಊರಿಗೂ, ಇಬ್ಬರು ತಲಾ ಐವತ್ತು ವಾರ ಕೆಲಸವಿಲ್ಲದಿರುವ ಊರಿಗೂ ನಷ್ಟವಾದ ಕಾಲದ ಮೊತ್ತ ಒಂದೇ ಆದರೂ, ಕಷ್ಟದ ಸ್ವರೂಪ ಒಂದೇ ಅಲ್ಲ. ಈ ಭೇದವನ್ನು ಅರಿತುದರಿಂದಲೇ ಸಂಖ್ಯಾಶಾಸ್ತ್ರಜ್ಞರು ನಿರುದ್ಯೋಗದ ಅವಧಿಯನ್ನೇ ಅಳೆಯುವ ಒಂದು ವಿಧಾನವನ್ನು ರೂಪಿಸಿದರು. ಹೊರಗಿನಿಂದ ಬಂದ ಕೆಲಸಗಾರನೂ ಸ್ಥಳೀಯನೂ ಕೆಲಸ ಕಳೆದುಕೊಂಡಾಗ ಇಬ್ಬರಲ್ಲಿ ಯಾರು ಬೇಗನೆ ಮತ್ತೆ ಕೆಲಸ ಪಡೆಯುತ್ತಾರೆ ಎಂಬ ಚರ್ಚೆಗೆ ಇಂದು ಆಧಾರವಾಗಿರುವುದು ಆ ವಿಧಾನವೇ. ಅದರ ಯೋಗ್ಯತೆಯಲ್ಲಿ ಸಂದೇಹವಿಲ್ಲ. ಆದರೆ ಈ ತುಲನೆಗೆ ಅದನ್ನು ಹಚ್ಚುವಾಗ ಒಂದು ಪೂರ್ವಕಲ್ಪನೆ ಸದ್ದಿಲ್ಲದೆ ಒಳಗೆ ಬರುತ್ತದೆ. ಆ ಕಲ್ಪನೆ ನಿಲ್ಲದ ಕಡೆ ಸಿದ್ಧಾಂತವೂ ನಿಲ್ಲಲಾರದು. ಇದನ್ನು ಪರೀಕ್ಷಿಸಲು ದೂರದೇಶದ ನಿದರ್ಶನ ಬೇಕಿಲ್ಲ. ಉತ್ತರ ಕನ್ನಡದ ಒಂದು ಚಿಕ್ಕ ಬಂದರು ಸಾಕು.

ಮೊದಲು ವಿಧಾನದ ಸ್ವರೂಪವನ್ನು ತಿಳಿಯಬೇಕು. 1693ರಲ್ಲಿ ಎಡ್ಮಂಡ್ ಹ್ಯಾಲಿಯು ಬ್ರೆಸ್ಲೌ ನಗರದ ಜನನ ಮರಣಗಳ ಲೆಕ್ಕದಿಂದ ಜೀವಿತ ಕೋಷ್ಟಕವನ್ನು ರಚಿಸಿದನು. ಇಂತಿಷ್ಟು ವಯಸ್ಸಿನವರೆಗೆ ಬದುಕಿದವರಲ್ಲಿ ಮುಂದಿನ ವರ್ಷದೊಳಗೆ ಸಾಯುವವರ ಪ್ರಮಾಣವೆಷ್ಟು ಎಂಬುದೇ ಅದರ ತಿರುಳು. ಸಾವಿನ ಸ್ಥಾನದಲ್ಲಿ ಕೆಲಸ ಸಿಗುವುದನ್ನೂ, ವಯಸ್ಸಿನ ಸ್ಥಾನದಲ್ಲಿ ಕೆಲಸವಿಲ್ಲದೆ ಕಳೆದ ವಾರಗಳನ್ನೂ ಇಟ್ಟರೆ ಅದೇ ಕೋಷ್ಟಕವು ನಿರುದ್ಯೋಗದ ಕೋಷ್ಟಕವಾಗುತ್ತದೆ. ಇಷ್ಟು ವಾರ ಕಾದವನಿಗೆ ಮುಂದಿನ ವಾರದಲ್ಲಿ ಕೆಲಸ ಸಿಗುವ ಸಂಭವವನ್ನು ನಿರ್ಗಮನ ಪ್ರಮಾಣವೆಂದು ಕರೆಯಬಹುದು. 1958ರಲ್ಲಿ ಕಪ್ಲಾನ್ ಮತ್ತು ಮೇಯರ್ ಎಂಬವರು ಅಪೂರ್ಣವಾದ ದಾಖಲೆಗಳಿಂದಲೂ ಇಂತಹ ಕೋಷ್ಟಕವನ್ನು ಕಟ್ಟುವ ಕ್ರಮವನ್ನು ತೋರಿಸಿದರು. 1972ರಲ್ಲಿ ಡೇವಿಡ್ ಕಾಕ್ಸ್ ಅವರು ವಯಸ್ಸು, ವಿದ್ಯೆ, ಹುಟ್ಟೂರು ಮೊದಲಾದ ಲಕ್ಷಣಗಳು ನಿರ್ಗಮನ ಪ್ರಮಾಣವನ್ನು ಎಷ್ಟರಮಟ್ಟಿಗೆ ಏರಿಸುತ್ತವೆ ಅಥವಾ ಇಳಿಸುತ್ತವೆ ಎಂಬುದನ್ನು ಗಣಿಸುವ ಸೂತ್ರವನ್ನು ಕೊಟ್ಟರು. 1979ರಲ್ಲಿ ಟೋನಿ ಲ್ಯಾಂಕಾಸ್ಟರ್ ಮತ್ತು ಸ್ಟೀಫನ್ ನಿಕೆಲ್ ಎಂಬವರು ಪ್ರತ್ಯೇಕ ಲೇಖನಗಳಲ್ಲಿ ಬ್ರಿಟನ್ನಿನ ನಿರುದ್ಯೋಗಿಗಳಿಗೆ ಈ ಬಗೆಯ ಗಣನೆಯನ್ನು ಅನ್ವಯಿಸಿದರು.

ಅಪೂರ್ಣ ದಾಖಲೆಯ ಪ್ರಶ್ನೆಯೇ ಇಲ್ಲಿ ಮರ್ಮಸ್ಥಾನ. ಸಮೀಕ್ಷೆ ಮುಗಿಯುವ ದಿನದವರೆಗೂ ಕೆಲಸ ಸಿಗದವನ ಅವಧಿ ಎಷ್ಟಕ್ಕೆ ಮುಗಿಯಿತೋ ತಿಳಿಯದು. ಇಷ್ಟಕ್ಕಿಂತ ಹೆಚ್ಚು ಎಂದು ಮಾತ್ರ ತಿಳಿಯುತ್ತದೆ. ಇಂತಹದನ್ನು ತುಂಡಾದ ದಾಖಲೆ ಎನ್ನೋಣವಾಗಲಿ. ತುಂಡಾದ ದಾಖಲೆಯನ್ನು ಶಾಸ್ತ್ರವು ಎಸೆಯುವುದಿಲ್ಲ. ಅದು ತುಂಡಾದ ಕ್ಷಣದವರೆಗೆ ಅದನ್ನು ಲೆಕ್ಕಕ್ಕೆ ಹಿಡಿದು, ಆಮೇಲೆ ಕೈಬಿಡುತ್ತದೆ. ಆದರೆ ಇದಕ್ಕೊಂದು ನಿಬಂಧನೆಯಿದೆ: ಕಣ್ಮರೆಯಾದವನಿಗೂ ಉಳಿದವನಿಗೂ ಮುಂದೆ ಕೆಲಸ ಸಿಗುವ ಸಂಭವ ಒಂದೇ ಆಗಿರತಕ್ಕದ್ದು. ಸಮೀಕ್ಷೆ ತನ್ನಷ್ಟಕ್ಕೆ ಮುಗಿದು ದಾಖಲೆ ತುಂಡಾದರೆ ಈ ನಿಬಂಧನೆ ಬಹುಮಟ್ಟಿಗೆ ಸಲ್ಲುತ್ತದೆ. ಕೆಲಸ ಸಿಗಲಿಲ್ಲವೆಂಬ ಕಾರಣಕ್ಕೇ ಮನುಷ್ಯನು ಊರು ಬಿಟ್ಟು ದಾಖಲೆ ತುಂಡಾದರೆ ಸಲ್ಲುವುದೆಂದು ಹೇಳುವುದು ಸಾಹಸ.

ಉತ್ತರ ಕನ್ನಡದಲ್ಲಿ ಮಾವಿನಕುರ್ವೆಯೆಂಬ ಹೆಸರು ಎರಡು ಕಡೆ ಕೇಳಿಬರುತ್ತದೆ. ಹೊನ್ನಾವರದ ಬಳಿ ಶರಾವತಿಯ ನಡುಗಡ್ಡೆಯೊಂದಕ್ಕೆ ಆ ಹೆಸರಿದೆ. ಭಟ್ಕಳದ ಮೀನುಗಾರಿಕೆಯ ಬಂದರಿಗೂ ಅದೇ ಹೆಸರು. ಇಲ್ಲಿ ಪ್ರಸ್ತುತವಾದುದು ಬಂದರು. ಭಟ್ಕಳದಿಂದ ಹೊನ್ನಾವರ, ಕುಮಟೆಗಳವರೆಗಿನ ತೀರದಲ್ಲಿ ಮೊಗೇರ, ಖಾರ್ವಿ, ಹರಿಕಂತ್ರ, ಅಂಬಿಗ ಮೊದಲಾದ ಸಮುದಾಯಗಳವರು ತಲೆಮಾರುಗಳಿಂದ ಕಡಲನ್ನು ನಂಬಿದವರು. ಯಂತ್ರದೋಣಿಗಳು ಹೆಚ್ಚಿದ ಮೇಲೆ ಕರ್ನಾಟಕದ ಕರಾವಳಿಯ ಬಂದರುಗಳಿಗೆ ಒಡಿಶಾ, ಝಾರ್ಖಂಡ, ಆಂಧ್ರಪ್ರದೇಶ ಮೊದಲಾದ ಕಡೆಗಳಿಂದಲೂ ಆಳುಗಳು ಬಂದು ದುಡಿಯುತ್ತಾರೆ. ಇಬ್ಬರ ದುಡಿಮೆಗೂ ಒಂದೇ ಗಡುವು. ಪಶ್ಚಿಮ ಕರಾವಳಿಯಲ್ಲಿ 2015ರಿಂದ ಜೂನ್ 1ರಿಂದ ಜುಲೈ 31ರವರೆಗೆ 61 ದಿನಗಳ ಕಾಲ ಯಂತ್ರದೋಣಿಗಳ ಮೀನುಗಾರಿಕೆಗೆ ನಿಷೇಧವಿದೆ. ನಾಡದೋಣಿಗಳಿಗೂ ಸಣ್ಣ ಯಂತ್ರ ಜೋಡಿಸಿದವುಗಳಿಗೂ ವಿನಾಯಿತಿ ಇದೆಯಾದರೂ, ಮಳೆಗಾಲದ ಕಡಲು ಆ ವಿನಾಯಿತಿಯನ್ನು ಎಲ್ಲ ದಿನಗಳಲ್ಲೂ ಕೊಡುವುದಿಲ್ಲ. ಸ್ಥಳೀಯನು ಮನೆಯಲ್ಲಿದ್ದು ಬಲೆ ಹೆಣೆಯುತ್ತಾನೆ. ಹೊರಗಿನಿಂದ ಬಂದವನಿಗೆ ಇಲ್ಲಿ ಮನೆಯಿಲ್ಲ, ಆದುದರಿಂದ ಅವನು ರೈಲು ಹತ್ತುತ್ತಾನೆ.

ಗಣಿತದ ತೊಡಕು ಎಲ್ಲಿದೆಯೆಂಬುದನ್ನು ಒಂದು ಕಲ್ಪಿತ ಲೆಕ್ಕದಿಂದ ತೋರಿಸಬಹುದು. ಜೂನ್ 1ರಂದು ಕೆಲಸ ನಿಂತ ಹತ್ತು ಮಂದಿ ಸ್ಥಳೀಯರೂ ಹತ್ತು ಮಂದಿ ವಲಸಿಗರೂ ಇರುವರೆಂದು ಭಾವಿಸಲಾಗಿ, ಸ್ಥಳೀಯರಲ್ಲಿ ಇಬ್ಬರಿಗೆ ಎರಡನೆಯ ವಾರದ ಕೊನೆಗೆ ಬೇರೆ ಕೆಲಸ ಸಿಕ್ಕಿತು; ಎಂಟು ಮಂದಿ ಆಗಸ್ಟಿನವರೆಗೆ ಕಾದರು. ವಲಸಿಗರಲ್ಲಿ ಆರು ಮಂದಿ ಮೊದಲ ವಾರದಲ್ಲೇ ತಮ್ಮ ಊರಿಗೆ ಹೊರಟರು. ಉಳಿದ ನಾಲ್ವರಲ್ಲಿ ಇಬ್ಬರಿಗೆ ಎರಡನೆಯ ವಾರದ ಕೊನೆಗೆ ಕಟ್ಟಡದ ಕೆಲಸ ಸಿಕ್ಕಿತು. ಊರಿಗೆ ಹೋದುದನ್ನೂ ನಿರುದ್ಯೋಗದ ಮುಕ್ತಾಯವೆಂದು ಬರೆದರೆ ವಲಸಿಗರಲ್ಲಿ ಹತ್ತಕ್ಕೆ ಎಂಟು ಮಂದಿ ಹದಿನೈದು ದಿನಗಳೊಳಗೆ ಕಷ್ಟದಿಂದ ಪಾರಾದಂತೆ ತೋರುತ್ತದೆ. ಆರು ದಾಖಲೆಗಳನ್ನು ತುಂಡಾದವೆಂದು ಹಿಡಿದರೆ ಉಳಿದ ನಾಲ್ವರಲ್ಲಿ ಇಬ್ಬರು, ಎಂದರೆ ಅರ್ಧದಷ್ಟು ಮಂದಿ, ಕೆಲಸ ಪಡೆದಂತಾಯಿತು. ಆದರೆ ಹೋದ ಆರು ಮಂದಿಗೂ ಊರಿನಲ್ಲಿ ಕೆಲಸವಿರಲಿಲ್ಲವಾದರೆ ನಿಜವಾದ ಪ್ರಮಾಣ ಹತ್ತಕ್ಕೆ ಎರಡು, ಸ್ಥಳೀಯರದೂ ಅಷ್ಟೇ. ಒಂದೇ ಬಂದರು, ಒಂದೇ ಹದಿನೈದು ದಿನ, ಅವೇ ಹತ್ತು ಜನ. ಉತ್ತರಗಳು ಮಾತ್ರ ಮೂರು.

ಹೆಚ್ಚು ಜನರನ್ನು ಸಮೀಕ್ಷೆಗೆ ಸೇರಿಸಿದರೆ ಈ ತೊಡಕು ಕಳೆಯುವುದೆಂದು ಕೆಲವರು ಭಾವಿಸಬಹುದು. ಅದು ಸರಿಯಲ್ಲ. ಯಾವಾಗ ಹೊರಟನು, ಯಾವ ಬಾಗಿಲಿನಿಂದ ಹೊರಟನು ಎಂಬೆರಡು ಸಂಗತಿಗಳು ಮಾತ್ರ ತಿಳಿದಿರುವಾಗ, ಆ ಬಾಗಿಲುಗಳಿಗೆ ಒಂದಕ್ಕೊಂದು ಸಂಬಂಧವಿದೆಯೋ ಇಲ್ಲವೋ ಎಂಬುದನ್ನು ಆ ದಾಖಲೆಗಳಿಂದಲೇ ನಿರ್ಣಯಿಸಲು ಬರುವುದಿಲ್ಲವೆಂದು 1975ರಲ್ಲಿ ಟ್ಸಿಯಾಟಿಸ್ ಅವರು ಸಾಧಿಸಿದ್ದಾರೆ. ಮರುವರ್ಷ ಪೀಟರ್ಸನ್ ಅವರು ಇಂತಹ ಸಂದರ್ಭದಲ್ಲಿ ಸತ್ಯವು ಯಾವ ಎರಡು ಮಿತಿಗಳ ನಡುವೆ ಇರಲೇಬೇಕೆಂಬುದನ್ನು ತೋರಿಸಿಕೊಟ್ಟರು. ಮೇಲಿನ ಲೆಕ್ಕದಲ್ಲಿ ಆ ಮಿತಿಗಳು ಹತ್ತಕ್ಕೆ ಎರಡು ಮತ್ತು ಹತ್ತಕ್ಕೆ ಎಂಟು. ಅವುಗಳ ನಡುವಣ ಅಂತರ ದೊಡ್ಡದೆಂದು ಬೇಸರಪಟ್ಟು ನಡುವಿನ ಒಂದು ಅಂಕಿಯನ್ನು ಆರಿಸಿಕೊಳ್ಳುವುದು ಸೌಕರ್ಯ, ಪ್ರಮಾಣವಲ್ಲ.

ಊರಿಗೆ ಹೋದವನಿಗೆ ಅಲ್ಲಿ ಕೆಲಸವಿರುವುದೆಂದು ಹೇಳುವವರ ಪಕ್ಷದಲ್ಲಿಯೂ ಹುರುಳಿದೆ. ಪೂರ್ವ ಕರಾವಳಿಯಲ್ಲಿ ಮೀನುಗಾರಿಕೆಯ ನಿಷೇಧ ಏಪ್ರಿಲ್ 15ರಿಂದ ಜೂನ್ 14ರವರೆಗೆ. ಆದುದರಿಂದ ಜೂನ್ 1ರಂದು ಇಲ್ಲಿ ಕೆಲಸ ನಿಂತ ಆಂಧ್ರದ ಮೀನುಗಾರನಿಗೆ ಜೂನ್ 15ರಂದು ತನ್ನ ತೀರದ ಕಡಲು ತೆರೆಯುತ್ತದೆ. ಒಡಿಶಾ, ಝಾರ್ಖಂಡಗಳ ಒಳನಾಡಿನವನಿಗೆ ಅದು ಮುಂಗಾರಿನ ಬತ್ತದ ನಾಟಿಯ ಕಾಲ. ತನ್ನ ಮನೆಯ ಗದ್ದೆಯಲ್ಲಿ ಕೂಲಿಯಿಲ್ಲದೆ ದುಡಿದರೂ ಸಮೀಕ್ಷೆಯ ಲಕ್ಷಣದಂತೆ ಅವನು ಉದ್ಯೋಗಿಯೇ. ಗದ್ದೆಯಿಲ್ಲದವನಿಗೆ ಕಾಯುವುದೊಂದೇ ಗತಿ. ಈ ಮೂವರೂ ಮಾವಿನಕುರ್ವೆಯ ಪುಸ್ತಕದಲ್ಲಿ ಕಣ್ಮರೆಯಾದವರೆಂಬ ಒಂದೇ ಪಂಕ್ತಿಗೆ ಸೇರುತ್ತಾರೆ. ಅವರ ನಡುವಣ ಭೇದವು ಸೂತ್ರದಲ್ಲಿ ಇಲ್ಲ, ಅವರ ಊರಿನಲ್ಲಿದೆ.

ಎರಡನೆಯ ಆಕ್ಷೇಪವು ಕಾಲದ ಗಣನೆಗೆ ಸಂಬಂಧಿಸಿದುದು. ಅವಧಿ ಬೆಳೆದಂತೆ ನಿರ್ಗಮನ ಪ್ರಮಾಣ ಏರಿದರೆ, ಕಾದು ಬೇಸತ್ತವನು ಕಡಮೆ ಕೂಲಿಗೂ ಒಪ್ಪಿಕೊಂಡನೆಂದು ಅರ್ಥಶಾಸ್ತ್ರಜ್ಞರು ವಿವರಿಸುತ್ತಾರೆ. ಇಳಿದರೆ, ಕುಶಲತೆ ಕುಂದಿತು, ಉತ್ಸಾಹ ಉಡುಗಿತು ಎನ್ನುತ್ತಾರೆ. ನೋಡಲು ಸಿಗದ ವ್ಯಕ್ತಿಭೇದಗಳೂ ಇಂತಹ ಇಳಿತದ ಭ್ರಮೆಯನ್ನು ಹುಟ್ಟಿಸಬಲ್ಲವೆಂದು ಲ್ಯಾಂಕಾಸ್ಟರ್ ಅವರೇ ಎಚ್ಚರಿಸಿದ್ದರು: ಚುರುಕಾದವರು ಮೊದಲು ಹೊರಟುಹೋದ ಮೇಲೆ ಉಳಿದವರ ಸರಾಸರಿ ತಾನಾಗಿಯೇ ತಗ್ಗುತ್ತದೆ. ಬಂದರಿನಲ್ಲಿಯಾದರೋ ಇನ್ನೊಂದು ತೊಡಕಿದೆ. ದೋಣಿಯ ಆಳುಗಳೆಲ್ಲರ ನಿರುದ್ಯೋಗ ಒಂದೇ ದಿನ ಆರಂಭವಾಗಿ ಬಹುತೇಕ ಒಂದೇ ದಿನ ಮುಗಿಯುವುದರಿಂದ, ಕಾದ ದಿನಗಳ ಎಣಿಕೆಯೂ ಪಂಚಾಂಗದ ಎಣಿಕೆಯೂ ಒಂದೇ ಆಗುತ್ತವೆ. 61 ದಿನಗಳ ಮೇಲೆ ನಿರ್ಗಮನ ಪ್ರಮಾಣ ಥಟ್ಟನೆ ಏರುವುದು ಸರ್ಕಾರದ ಆಜ್ಞೆ ಮುಗಿದುದರಿಂದ. ಮನುಷ್ಯನ ಮನಸ್ಸು ಬದಲಾದುದರಿಂದಲ್ಲ.

ಸರ್ಕಾರದ ಅಂಕಿಗಳ ವಿಷಯಕ್ಕೆ ಬಂದರೆ ತೊಡಕು ಇಮ್ಮಡಿಯಾಗುತ್ತದೆ. 2017ರ ಏಪ್ರಿಲಿನಿಂದ ನಡೆಯುತ್ತಿರುವ ಆವರ್ತಕ ಕಾರ್ಮಿಕ ಬಲ ಸಮೀಕ್ಷೆಯು ವಾಡಿಕೆಯ ಸ್ಥಿತಿಯನ್ನು ಹಿಂದಿನ 365 ದಿನಗಳ ಆಧಾರದ ಮೇಲೆ ನಿರ್ಣಯಿಸುತ್ತದೆ. ಎರಡು ತಿಂಗಳು ಸುಮ್ಮನಿದ್ದ ಮೀನುಗಾರನು ಆ ಲೆಕ್ಕದಲ್ಲಿ ನಿರುದ್ಯೋಗಿಯಲ್ಲ. ವಾರದ ಸ್ಥಿತಿಯಲ್ಲಿಯೂ ಏಳು ದಿನಗಳೊಳಗೆ ಒಂದು ಗಂಟೆ ದುಡಿದವನು ಉದ್ಯೋಗಿಯೇ. ಒಂದೇ ಕುಟುಂಬವನ್ನು ಮರಳಿ ಮರಳಿ ಭೇಟಿಮಾಡುವ ಕ್ರಮ 2024ರ ಕೊನೆಯವರೆಗೆ ನಗರಗಳಿಗೆ ಮಾತ್ರ ಮೀಸಲಾಗಿತ್ತು. 2025ರ ಜನವರಿಯಿಂದ ಹಳ್ಳಿಗಳಿಗೂ ಬಂದಿದೆ. ಇದು ಶ್ಲಾಘ್ಯವಾದ ಸುಧಾರಣೆ. ಆದರೂ ಭೇಟಿ ಮನೆಗೆ. ಹೊರಟುಹೋದ ಮನುಷ್ಯನ ಬೆನ್ನುಹತ್ತಿ ಅಲ್ಲ. ದೋಣಿಯಲ್ಲೇ ಉಂಡು ಮಲಗುವವನಿಗೆ ಭೇಟಿಗೆ ಯೋಗ್ಯವಾದ ಮನೆಯಾದರೂ ಎಲ್ಲಿದೆ?

ವಲಸಿಗನೆಂಬ ಪದವೂ ವಿಚಾರಣೀಯ. 2020ರ ಜುಲೈಯಿಂದ 2021ರ ಜೂನ್‌ವರೆಗಿನ ಸಮೀಕ್ಷೆಯಂತೆ ದೇಶದ ಜನರಲ್ಲಿ ಶೇಕಡ 28.9 ಮಂದಿ ವಲಸಿಗರು. ಆದರೆ ವಲಸೆಯ ಹೆಂಗಸರಲ್ಲಿ ಶೇಕಡ 86.8 ಮಂದಿ ಸ್ಥಳಾಂತರ ಮಾಡಿದುದು ಮದುವೆಯ ಕಾರಣದಿಂದ. ಕುಮಟೆಯಿಂದ ಭಟ್ಕಳಕ್ಕೆ ಸೊಸೆಯಾಗಿ ಬಂದವಳೂ ಒಡಿಶಾದಿಂದ ದೋಣಿಗೆ ಬಂದವನೂ ಒಂದೇ ಹೆಸರಿನಡಿ ಸೇರುವಾಗ ವಲಸಿಗರ ಸರಾಸರಿ ಅವಧಿಯೆಂಬುದು ಯಾರ ಅವಧಿಯೂ ಆಗಲಾರದು. ಅಲ್ಲದೆ ಇಲ್ಲಿಯ ಸ್ಥಳೀಯನೇ ಬೇರೆಡೆಯ ವಲಸಿಗ. ಭಟ್ಕಳದಿಂದ ಕೊಲ್ಲಿಯ ದೇಶಗಳಿಗೆ ದುಡಿಯಲು ಹೋದ ಕುಟುಂಬಗಳು ಅನೇಕ. ಆ ದೇಶಗಳಲ್ಲಿ ಪರದೇಶಿಯ ವಾಸದ ಪರವಾನಗಿಯು ಕೆಲಸಕ್ಕೆ ಗಂಟುಬಿದ್ದಿರುವುದರಿಂದ, ಕೆಲಸ ಹೋದವನು ಗಡುವಿನೊಳಗೆ ಬೇರೆ ಕೆಲಸ ಹುಡುಕಬೇಕು, ಇಲ್ಲವೆ ಹಿಂದಿರುಗಬೇಕು. ಅಲ್ಲಿ ವಲಸಿಗರ ನಿರುದ್ಯೋಗ ಅಲ್ಪವೆಂದು ಕಾಣುವುದರಲ್ಲಿ ಆಶ್ಚರ್ಯವಿಲ್ಲ; ನಿರುದ್ಯೋಗಿಯು ಭಟ್ಕಳದ ತನ್ನ ಮನೆಯ ಜಗಲಿಯಲ್ಲಿ ಕುಳಿತಿರುತ್ತಾನೆ.

ಇದು ಪಂಡಿತರ ವಿನೋದಕ್ಕಾಗಿ ನಡೆಸುವ ಚರ್ಚೆಯಲ್ಲ. ನಿಷೇಧದ ಕಾಲದಲ್ಲಿ ಮೀನುಗಾರನು ಕೂಡಿಟ್ಟ ಹಣಕ್ಕೆ ಸರ್ಕಾರಗಳು ತಮ್ಮ ಪಾಲು ಸೇರಿಸಿ ಹಿಂದಿರುಗಿಸುವ ಉಳಿತಾಯ ಪರಿಹಾರ ಯೋಜನೆಯು ಮೀನುಗಾರರ ಸಹಕಾರ ಸಂಘದ ಸದಸ್ಯತ್ವವನ್ನು ಅಪೇಕ್ಷಿಸುತ್ತದೆ. ದೂರದಿಂದ ಬಂದ ಆಳಿಗೆ ಅದು ಸುಲಭವಾಗಿ ದಕ್ಕುವುದಲ್ಲ. ವಲಸಿಗನ ನಿರುದ್ಯೋಗ ಒಂದೇ ವಾರದ್ದೆಂದು ಕೋಷ್ಟಕ ಹೇಳಿದರೆ ಅವನಿಗೆ ಪರಿಹಾರವೇ ಬೇಡವೆಂಬ ಮಾತಿಗೆ ಶಾಸ್ತ್ರದ ಮುದ್ರೆ ಬೀಳುತ್ತದೆ. ಅದೇ ಅಂಕಿಯನ್ನು ಹಿಡಿದು, ಹೊರಗಿನವನು ಒಳಗಿನವನ ಕೆಲಸವನ್ನು ಕಸಿದುಕೊಂಡನೆಂದು ವಾದಿಸುವುದೂ ಸುಲಭ. ತಪ್ಪಾದ ಒಂದು ಅಂಕಿಯಿಂದ ಒಬ್ಬನಿಗೆ ಅನ್ನ ತಪ್ಪುತ್ತದೆ, ಇನ್ನೊಬ್ಬನಿಗೆ ದ್ವೇಷಕ್ಕೆ ಕಾರಣ ಸಿಗುತ್ತದೆ.

ಹಾಗಾದರೆ ವಿಧಾನವನ್ನೇ ತ್ಯಜಿಸಬೇಕೆ? ಬೇಕಾಗಿಲ್ಲ. ಕೆಲಸ ಸಿಕ್ಕಿದುದನ್ನೂ ಊರು ಬಿಟ್ಟುದನ್ನೂ ಎರಡು ಬೇರೆ ಬಾಗಿಲುಗಳೆಂದು ಹಿಡಿದು ಪ್ರತ್ಯೇಕವಾಗಿ ಎಣಿಸುವ ಕ್ರಮ ಶಾಸ್ತ್ರದಲ್ಲೇ ಇದೆ. 1999ರಲ್ಲಿ ಫೈನ್ ಮತ್ತು ಗ್ರೇ ಅವರು ಅದಕ್ಕೆ ಉಪಯುಕ್ತವಾದ ಸೂತ್ರವನ್ನೂ ಕೊಟ್ಟಿದ್ದಾರೆ. ಆದರೆ ಅದು ಎರಡು ಬಾಗಿಲುಗಳನ್ನು ಬೇರ್ಪಡಿಸಬಲ್ಲುದಲ್ಲದೆ, ಎರಡನೆಯ ಬಾಗಿಲಿನಾಚೆ ಏನಿದೆಯೆಂಬುದನ್ನು ಹೇಳಲಾರದು. ಅದಕ್ಕೆ ಮೂರು ಕೆಲಸಗಳು ಅವಶ್ಯ: ಜೂನ್ 1ರಂದು ಬಂದರಿನಲ್ಲಿರುವವರನ್ನೆಲ್ಲ ಹೆಸರು ಹಿಡಿದು ಬರೆದುಕೊಳ್ಳುವುದು, ಹೊರಟವನ ಸಂಗತಿಯನ್ನು ದೂರವಾಣಿಯ ಮೂಲಕವಾದರೂ ಅವನ ಊರಿನಿಂದಲೇ ತಿಳಿಯುವುದು, ತಿಳಿಯದೆ ಉಳಿದ ಭಾಗಕ್ಕೆ ಒಂದಂಕಿಯ ಬದಲು ಎರಡು ಮಿತಿಗಳನ್ನು ಪ್ರಕಟಿಸುವುದು. ಇಷ್ಟನ್ನು ಮಾಡದ ತುಲನೆಯು, ಎಷ್ಟೇ ಸೂಕ್ಷ್ಮವಾದ ಸೂತ್ರದಿಂದ ನಡೆದಿರಲಿ, ಹೊರಟುಹೋದವನನ್ನು ಗೆದ್ದವನೆಂದು ಬರೆಯುವ ಅಪಾಯದಿಂದ ಮುಕ್ತವಲ್ಲ. ಆಗಸ್ಟಿನಲ್ಲಿ ದೋಣಿಗಳು ಕಡಲಿಗೆ ಇಳಿಯುವಾಗ ಹಿಂದಿರುಗಿ ಬಂದವನನ್ನು ಆ ಎರಡು ತಿಂಗಳು ಹೇಗೆ ಕಳೆದೆಯೆಂದು ಕೇಳುವವರೆಗೆ, ಮಾವಿನಕುರ್ವೆಯ ನಿರುದ್ಯೋಗದ ಕೋಷ್ಟಕವು ಅರ್ಧ ಬರೆದ ಕೋಷ್ಟಕವೇ ಸರಿ.